ಗೋಡೆಯ ಬಣ್ಣವೂ ಬಾಯಿಮಾತಿನ ಕರಾರೂ

ಸಾಹಿತ್ಯಸಂಘದ ಮಾಸಪತ್ರಿಕೆಯಲ್ಲಿ ಸುಣ್ಣಬಣ್ಣದ ಮಾತಿಗೆ ಎಡೆಯುಂಟೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಕಾವ್ಯದ ಗುಣದೋಷಗಳನ್ನು ವಿಮರ್ಶಿಸತಕ್ಕ ಪುಟಗಳಲ್ಲಿ ಪೈಂಟಿನ ಡಬ್ಬಿಯ ಗುಣದೋಷಗಳನ್ನು ಎತ್ತುವುದು ಉಚಿತವಲ್ಲವೆಂದು ಅವರು ಹೇಳಿದರೆ ಆ ವಿಷಯದಲ್ಲಿ ನಾನು ವಾದಕ್ಕೆ ನಿಲ್ಲತಕ್ಕವನಲ್ಲ. ಆದರೆ ನುಡಿಯನ್ನು ಕಾಯುವುದು ಸಂಘದ ಧರ್ಮವಾದರೆ, ಕೊಟ್ಟ ನುಡಿಯನ್ನು ಕಾಯುವುದೂ ಅದೇ ಧರ್ಮದ ಒಂದಂಗವೆಂದು ನನ್ನ ನಂಬಿಕೆ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಕೊಟ್ಟ ನುಡಿಯು ಇಂದು ಅತ್ಯಂತ ಸುಲಭವಾಗಿ ಮುರಿಯುವ ಸ್ಥಳ ಯಾವುದೆಂದರೆ, ಮನೆಗೆ ಬಣ್ಣ ಬಳಿಸುವ ಕಂತ್ರಾಟಿನ ಸ್ಥಳವೇ ಸರಿ.

ಮಳೆಗಾಲ ಕಳೆದು ಬಿಸಿಲು ಕಂಡಿತೆಂದರೆ ಊರೂರಲ್ಲಿಯೂ ಒಂದೇ ದೂರು. ಬಣ್ಣದವನು ಮೋಸಮಾಡಿದನು, ಮುಂಗಡ ತೆಗೆದುಕೊಂಡು ಮುಖ ತೋರಿಸಲಿಲ್ಲ, ಬಣ್ಣಕ್ಕೆ ನೀರು ಬೆರಸಿದನು, ಒಂದು ಮಳೆಗೆ ಗೋಡೆ ಸಿಪ್ಪೆಯೆದ್ದಿತು. ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ ಎಂಬ ಗಾದೆಯನ್ನು ಹೇಳಿ ನಿಟ್ಟುಸಿರುಬಿಡುವುದರಲ್ಲಿಗೆ ವಿಚಾರವು ಮುಗಿಯುತ್ತದೆ. ಬಣ್ಣದವರೆಲ್ಲರೂ ಮೋಸಗಾರರು, ಮನೆಯ ಯಜಮಾನರೆಲ್ಲರೂ ಮೋಸಹೋದ ಸಾಧುಗಳು ಎಂಬ ಈ ಸಿದ್ಧಾಂತವನ್ನು ಖಂಡಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ನಮ್ಮ ಗೋಡೆಗಳು ಕೆಡುವುದಕ್ಕೆ ಮೊದಲನೆಯ ಕಾರಣರು ನಾವೇ, ಕಂತ್ರಾಟುದಾರನು ಎರಡನೆಯವನು, ಕುಂಚ ಹಿಡಿಯುವ ಕೂಲಿಯಾಳು ಕಾರಣನೇ ಅಲ್ಲ, ಆದರೂ ನಷ್ಟದ ಹೆಚ್ಚಿನ ಪಾಲು ಅವನದೇ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲವೆಂಬುದನ್ನು ಒಪ್ಪತಕ್ಕದ್ದು. ಮುರಕಲ್ಲಿನ ಗೋಡೆ, ಮಣ್ಣಿನ ಇಲ್ಲವೆ ಸುಣ್ಣದ ಸಾರಣೆ, ಮೇಲೆ ಹುಲ್ಲು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಕ್ರಮೇಣ ಹಂಚು. ಹೊಳೆಯ ಅಳಿವೆಗಳಲ್ಲಿ ಹೆಕ್ಕಿದ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ದೀಪಾವಳಿಯ ಮುಂಚೆ ಮನೆಯವರೇ ನೀರಿನಲ್ಲಿ ಅರಳಿಸಿ, ತೆಂಗಿನ ನಾರಿನ ಕುಚ್ಚಿನಿಂದ ಬಳಿಯುತ್ತಿದ್ದರು. ಅದಕ್ಕೆ ಚದರಡಿಯ ಲೆಕ್ಕವಿರಲಿಲ್ಲ, ಮುಂಗಡವಿರಲಿಲ್ಲ, ಒಂದು ವರ್ಷ ನಿಂತರೆ ಸಾಕೆಂಬುದು ಎಲ್ಲರಿಗೂ ತಿಳಿದಿತ್ತು. ಸುಣ್ಣದ ಪದರವು ಗೋಡೆಯ ತೇವವನ್ನು ಒಳಗೆ ಕಟ್ಟಿಹಾಕದೆ ಹೊರಕ್ಕೆ ಬಿಡುತ್ತದೆ. ಮುರಕಲ್ಲು ನೀರನ್ನು ಕುಡಿದರೂ ಬಿಸಿಲಿಗೆ ಉಸಿರಾಡಿ ಒಣಗುತ್ತದೆ. ನಮ್ಮ ಹಿರಿಯರು ರಸಾಯನಶಾಸ್ತ್ರವನ್ನು ಓದದೆಯೇ ಅದರ ತತ್ತ್ವದಂತೆ ನಡೆದರು.

ಈಗ ಕಾಲ ಬೇರೆ. ಸಿಮೆಂಟಿನ ಸಾರಣೆ, ಪುಟ್ಟಿ, ಪ್ರೈಮರು, ಅದರ ಮೇಲೆ ಎಮಲ್ಶನ್ನಿನ ಎರಡು ಕೈ. ಇವು ಗೋಡೆಯ ಮೇಲೆ ಬಿಗಿಯಾದ ಪೊರೆಯನ್ನು ಕಟ್ಟುತ್ತವೆ. ಒಳಗೆ ತೇವವಿದ್ದರೆ ಅದು ಹೊರಬರುವ ದಾರಿಯನ್ನು ಹುಡುಕುತ್ತ ಗೋಡೆಯ ಉಪ್ಪನ್ನೂ ಹೊತ್ತು ತರುತ್ತದೆ. ಪೊರೆಯನ್ನು ಬೊಬ್ಬೆಯೆಬ್ಬಿಸಿ ಬಿಳಿಯ ಪುಡಿಯಾಗಿ ಉದುರುತ್ತದೆ. ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರ್ ಮಳೆ ಸುರಿಯುವ, ಪಡುವಣ ಗಾಳಿಯಲ್ಲಿ ಕಡಲಿನ ಉಪ್ಪು ತೇಲುವ, ನಾಲ್ಕು ತಿಂಗಳು ಗೋಡೆಯ ಮೇಲೆ ಹಾವಸೆ ಬೆಳೆಯುವ ಈ ನಾಡಿನಲ್ಲಿ ಬಣ್ಣದ ಆಯುಸ್ಸನ್ನು ನಿರ್ಣಯಿಸುವುದು ಬಣ್ಣವಲ್ಲ, ಬಣ್ಣಕ್ಕೆ ಮುಂಚಿನ ಕೆಲಸ. ತಾರಸಿಯ ಬಿರುಕನ್ನು ಮುಚ್ಚುವುದು, ಹಾವಸೆಯನ್ನು ಉಜ್ಜಿ ತೊಳೆಯುವುದು, ಗೋಡೆ ಒಣಗುವ ತನಕ ಸುಮ್ಮನಿರುವುದು, ಸಡಿಲಾದ ಹಳೆಯ ಪದರವನ್ನು ಕೆರೆದು ತೆಗೆಯುವುದು, ಇವೇ ಮುಖ್ಯ. ಹೊಸ ಸಾರಣೆಯಾದರೆ ಕಡಮೆಯೆಂದರೂ 28 ದಿನ ಕಾಯಬೇಕೆಂಬುದು ಸಾಮಾನ್ಯ ನಿಯಮ; ಮಳೆಗಾಲದಲ್ಲಿ ಅದೂ ಸಾಲದು. ಗೋಡೆಯಿದ್ದರಲ್ಲವೆ ಚಿತ್ತಾರ?

ಚೌಕಿಯಲ್ಲಿ ವೇಷ ಕಟ್ಟುವವರನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತಳಬಣ್ಣವು ಕೂರದೆ ಮೇಲಿನ ಗೆರೆ ನಿಲ್ಲದು. ಮಂದರ್ತಿ ಮೇಳದ ಹರಕೆಯಾಟಕ್ಕೆ ಹೆಸರು ಬರೆಯಿಸಿ ವರ್ಷಾನುವರ್ಷ ಕಾಯುವ ತಾಳ್ಮೆಯುಳ್ಳ ನಾವು, ಗೋಡೆ ಒಣಗುವುದಕ್ಕೆ ಒಂದು ತಿಂಗಳು ಕಾಯಲಾರೆವು! ಮನೆ ಒಕ್ಲಿಗೆ ಮುಹೂರ್ತವಿಡುವಾಗ ಜೋಯಿಸರನ್ನು ಕೇಳುತ್ತೇವೆ, ಗೋಡೆಯನ್ನು ಕೇಳುವುದಿಲ್ಲ. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಸುವ ಅಣ್ಣತಮ್ಮಂದಿರು, ಕೊಲ್ಲಿಯ ದೇಶಗಳಲ್ಲಿ ದುಡಿಯುವ ಮಕ್ಕಳು, ವರ್ಷದಲ್ಲಿ ಹತ್ತು ದಿನ ಮಾತ್ರ ಬಾಗಿಲು ತೆರೆಯುವ ಮನೆಗೆ ಫೋನಿನಲ್ಲಿಯೇ ಬಣ್ಣದ ಅಪ್ಪಣೆಯನ್ನು ಕೊಡುತ್ತಾರೆ. ಮೇಲ್ವಿಚಾರಣೆಗೆ ಉಳಿಯುವವರು ಕಣ್ಣು ಮಂಜಾದ ಮುದಿ ತಾಯಿ. ಆಕೆ ಕೆಲಸದವರಿಗೆ ಚಹಾ ಕಾಯಿಸಿ ಕೊಡಬಲ್ಲಳು. ಪ್ರೈಮರು ಬಿದ್ದಿತೋ ಬರಿಯ ನೀರು ಬಿದ್ದಿತೋ ಎಂಬುದನ್ನು ಹೇಗೆ ತಿಳಿಯಬೇಕು?

ಇನ್ನು ದರದ ಮಾತು. ನಮ್ಮವರು ಮೂವರು ಕಂತ್ರಾಟುದಾರರನ್ನು ಕರೆದು ಚದರಡಿಗೆ ಎಷ್ಟೆಂದು ಕೇಳಿ, ಕಡಮೆ ಹೇಳಿದವನಿಗೆ ಕೆಲಸವನ್ನು ಒಪ್ಪಿಸಿ, ತಾವು ಮಹಾ ಜಾಣರೆಂದು ಮೀಸೆ ತಿರುವುತ್ತಾರೆ. ಯಾವುದರ ಚದರಡಿ? ಸಾಮಾನು ಸಹಿತವೋ ಕೂಲಿ ಮಾತ್ರವೋ? ಪುಟ್ಟಿ ಒಂದು ಕೈಯೋ ಎರಡೋ? ಇವನ್ನು ಕೇಳುವವರು ವಿರಳ. ಒಂದು ಸರಳವಾದ ಲೆಕ್ಕವನ್ನು ನೋಡಿರಿ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ನಾಲ್ಕು ಗೋಡೆಗಳು ಒಟ್ಟು 440 ಚದರಡಿ. ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಒಂದು ಬಾಗಿಲು, ನಾಲ್ಕಡಿ ಚೌಕದ ಎರಡು ಕಿಟಕಿಗಳು ಇದ್ದರೆ 56.5 ಚದರಡಿ ಗೋಡೆಯೇ ಅಲ್ಲ. ಅಂದರೆ ಎಂಟರಲ್ಲೊಂದು ಪಾಲಿಗೂ ಮಿಗಿಲು. ಇದನ್ನು ಕಳೆಯದೆ ಅಳೆದು, ಬಾಗಿಲು ಕಿಟಕಿಗಳ ಎಣ್ಣೆಬಣ್ಣಕ್ಕೆ ಮತ್ತೆ ಬೇರೆ ಲೆಕ್ಕ ಹಾಕಿದರೆ ಒಂದೇ ಜಾಗಕ್ಕೆ ಎರಡು ಸಲ ಹಣ ತೆತ್ತಂತಾಯಿತು. ಚೌಕಟ್ಟಿನ ಅಂಚನ್ನು ನಾಜೂಕಾಗಿ ತೀಡುವ ಶ್ರಮಕ್ಕೆ ಅದು ಸರಿಹೋಗುತ್ತದೆಂದು ಮೇಸ್ತ್ರಿಯು ಹೇಳಿದರೆ ಆ ಮಾತಿನಲ್ಲಿ ನ್ಯಾಯವೂ ಉಂಟು. ಆದರೆ ಅದನ್ನು ಮೊದಲು ಹೇಳತಕ್ಕದ್ದು, ಮೊದಲು ಕೇಳತಕ್ಕದ್ದು. ದರವನ್ನು ಇಳಿಸಿ ಅಳತೆಯಲ್ಲಿ ಏರಿಸಿದರೆ ಕಡಮೆ ದರದವನೇ ತುಟ್ಟಿಯವನಾಗುತ್ತಾನೆ.

ಬಣ್ಣದ ಆಯ್ಕೆಯಲ್ಲಿಯೂ ನಾವು ಕಾಣದ ಒಂದು ಕೈಯುಂಟು. ಅನೇಕ ಕಂಪೆನಿಗಳು ಬಣ್ಣದ ಡಬ್ಬಿಯೊಳಗೆ ಟೋಕನ್ನೊಂದನ್ನು ಇಡುತ್ತವೆ. ಡಬ್ಬಿಯನ್ನು ತೆರೆದ ಬಣ್ಣದವನಿಗೆ ಅದರಿಂದ ಹಣವೋ ಬಹುಮಾನದ ಅಂಕಗಳೋ ದೊರೆಯುತ್ತವೆ. ಯಾವ ಬಣ್ಣ ಒಳ್ಳೆಯದೆಂದು ನಾವು ಅವನನ್ನು ಕೇಳಿದಾಗ ಉತ್ತರವನ್ನು ಹೇಳುವುದು ಅವನ ಅನುಭವವೋ ಆ ಟೋಕನ್ನೋ ಎಂಬುದು ನಮಗೆ ತಿಳಿಯುವುದಿಲ್ಲ. ಇದರಲ್ಲಿ ಬಡ ಬಣ್ಣದವನನ್ನು ನಾನು ಹಳಿಯುವುದಿಲ್ಲ. ನಾವು ಕೂಲಿಯಲ್ಲಿ ಹಿಂಡಿದುದನ್ನು ಅವನು ಡಬ್ಬಿಯಲ್ಲಿ ಹುಡುಕುತ್ತಾನೆ. ಆದರೆ ಬೆಲೆಯನ್ನು ತೆರುವವರಿಗೆ ತಿಳಿಯದಂತೆ ಸಲಹೆಯನ್ನು ಕೊಂಡುಕೊಳ್ಳುವ ಪದ್ಧತಿಯು ನೇರವಾದ ವ್ಯಾಪಾರವಲ್ಲವೆಂದು ಹೇಳಲೇಬೇಕು.

ಪರೋಪದೇಶವು ಸುಲಭ. ಆದುದರಿಂದ ನನ್ನದೇ ಕಥೆಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಅಣ್ಣನ ಮಗಳ ಮದುವೆ ನಿಶ್ಚಯವಾಯಿತು. ಬಣ್ಣ ಬಳಿಸುವ ಹೊಣೆ ನನ್ನದು. ಮೊದಲು ಬಂದ ಮೇಸ್ತ್ರಿಯು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಪಡುವಣ ಗೋಡೆಗೆ ತಾರಸಿಯಿಂದ ನೀರಿಳಿಯುತ್ತಿದೆ, ಮೊದಲು ಅದನ್ನು ಸರಿಮಾಡಿ ಇಪ್ಪತ್ತೈದು ದಿನ ಒಣಗಲು ಬಿಡಬೇಕು ಎಂದನು. ದರವನ್ನೂ ಹೆಚ್ಚಿಗೆ ಹೇಳಿದನು. ಇವನು ಕೆಲಸ ಬೆಳೆಸುವ ಆಸೆಗಾರನೆಂದು ನಾನು ಅವನನ್ನು ಕಳುಹಿಸಿಬಿಟ್ಟೆ. ಮೂರನೆಯವನು ಗೋಡೆಯನ್ನು ಮುಟ್ಟಲೂ ಇಲ್ಲ. ಹತ್ತು ದಿನದಲ್ಲಿ ಮುಗಿಸಿಕೊಡುವೆನೆಂದು ಅರ್ಧ ಹಣವನ್ನು ಮುಂಗಡವಾಗಿ ಪಡೆದನು. ಒಂದು ಕಾಗದದಲ್ಲಿ ಬರೆಯೋಣವೇ ಎಂದು ನಾನು ಬಾಯಿತೆರೆದೆ. “ಕಾಗ್ದ ಎಂತಕೆ ಮರಾಯ್ರೆ? ನಮ್ ಮೇಲ್ ನಂಬ್ಕಿ ಇಲ್ಯಾ?” ಎಂದು ನಕ್ಕನು. ನಂಬಿಕೆ ಇಲ್ಲವೆನ್ನುವುದು ಅಸಭ್ಯತೆಯೆನಿಸಿ ಸುಮ್ಮನಾದೆ.

ಹತ್ತು ದಿನದಲ್ಲಿ ಮನೆ ಬೆಳಗಿತು. ಮದುವೆಗೆ ಬಂದವರು ಮೆಚ್ಚಿದರು. ಆಷಾಢದ ಹೊತ್ತಿಗೆ ಪಡುವಣ ಗೋಡೆಯಲ್ಲಿ ಹಪ್ಪಳದಂತೆ ಬೊಬ್ಬೆಯೆದ್ದು ಪುಟ್ಟಿಯ ಸಮೇತ ಬಣ್ಣ ಕಳಚಿತು. ಕಂತ್ರಾಟುದಾರನು ಅದು ಗೋಡೆಯ ದೋಷವೆಂದನು. ಆಮೇಲೆ ಫೋನನ್ನೇ ಎತ್ತಲಿಲ್ಲ. ಅವನು ಏನನ್ನು ಮಾಡಿಕೊಡಲು ಒಪ್ಪಿದ್ದನೆಂಬುದಕ್ಕೆ ನನ್ನಲ್ಲಿ ಒಂದಕ್ಷರವೂ ಇರಲಿಲ್ಲ.

ಆದರೆ ನನ್ನನ್ನು ಇಂದಿಗೂ ಕಾಡುವುದು ಆ ಗೋಡೆಯಲ್ಲ. ಕೆಲಸದ ಏಳನೆಯ ದಿನ, ಘಟ್ಟದ ಮೇಲಿಂದ ಬಂದ ಒಬ್ಬ ಹುಡುಗನು ಎರಡನೆಯ ಮಾಳಿಗೆಯ ಹೊರಗೋಡೆಗೆ ಬಣ್ಣ ಎಳೆಯುತ್ತಿದ್ದನು. ಏಣಿಗೆ ಏಣಿಯನ್ನು ಹಗ್ಗದಿಂದ ಕಟ್ಟಿದ್ದರು. ಅವನ ಸೊಂಟಕ್ಕೆ ಯಾವ ಹಗ್ಗವೂ ಇರಲಿಲ್ಲ. ಏಣಿ ಜಾರಿತು. ದೈವಕೃಪೆಯಿಂದ ಮರಳ ರಾಶಿಯ ಮೇಲೆ ಬಿದ್ದು ಮುಂಗೈ ಮುರಿದುದರಲ್ಲಿ ಮುಗಿಯಿತು. ಕಂತ್ರಾಟುದಾರನು, ಅವನು ದಿನಗೂಲಿಯವನು, ತನಗೆ ಸಂಬಂಧವಿಲ್ಲ ಎಂದನು. ನಾನು, ಕೆಲಸವನ್ನು ಕಂತ್ರಾಟುದಾರನಿಗೆ ಒಪ್ಪಿಸಿಯಾಗಿದೆ, ನನಗೆ ಸಂಬಂಧವಿಲ್ಲ ಎಂದೆನು. ಹತ್ತು ದಿನದಲ್ಲಿ ಮುಗಿಯಬೇಕೆಂದು ಅವಸರ ಮಾಡಿದವನು ನಾನೇ. ಏಣಿಯನ್ನು ದಿನವೂ ಕಂಡವನೂ ನಾನೇ. ಐನೂರು ರೂಪಾಯಿಯ ನೋಟೊಂದನ್ನು ಅವನ ಎಡಗೈಯಲ್ಲಿಟ್ಟು ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿದೆನು. ಕೈಗೆ ಪಟ್ಟಿಕಟ್ಟಿಕೊಂಡು ಅವನು ರಾತ್ರಿಯ ಬಸ್ಸಿಗೆ ಊರಿಗೆ ಹೋದನು. ಗೋಡೆ ಬೊಬ್ಬೆಯೆದ್ದ ದಿನ, ನನಗೆ ಅನ್ಯಾಯವಾಯಿತೆಂದು ನಾಲ್ಕು ಜನರ ಮುಂದೆ ಕೂಗುತ್ತಿದ್ದಾಗ, ಆ ಹುಡುಗನ ಹೆಸರನ್ನು ಸಹ ನಾನು ಕೇಳಿರಲಿಲ್ಲವೆಂಬುದು ತಟ್ಟನೆ ನೆನಪಾಯಿತು. ಅಂದು ನನ್ನ ಕೂಗು ನಿಂತಿತು.

ಕರಾರುಪತ್ರ ಬೇಕೆಂದು ನಾನು ಹಟಹಿಡಿಯುವುದು ಈ ಕಾರಣದಿಂದ. ಅದು ಕಂತ್ರಾಟುದಾರನನ್ನು ಕಟ್ಟುವ ಹಗ್ಗ ಮಾತ್ರವಲ್ಲ. ಯಜಮಾನನನ್ನೂ ಕಟ್ಟುವ ಹಗ್ಗ.

ಇದಕ್ಕೆ ಎತ್ತುವ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ. ಬರವಣಿಗೆಯು ಅಪನಂಬಿಕೆಯ ಗುರುತು, ನಮ್ಮ ಊರಿನ ಸಂಪ್ರದಾಯವಲ್ಲ ಎಂಬುದು ಒಂದು. ಇದು ಚರಿತ್ರೆಯನ್ನು ಮರೆತವರ ಮಾತು. ಬಾರಕೂರು, ಬಸರೂರುಗಳಲ್ಲಿ ಇಂದಿಗೂ ನಿಂತಿರುವ ಶಾಸನಗಳು ಮತ್ತೇನು? ಕೊಟ್ಟುದು ಏನು, ಯಾರಿಗೆ, ಯಾವ ಗಡಿಯೊಳಗೆ, ತಪ್ಪಿದವರಿಗೆ ಏನು ಗತಿ ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸಿದ ನಾಡು ಇದು. ಮೂಲಗೇಣಿ, ಚಾಲಗೇಣಿಗಳ ಕಾಲದಲ್ಲಿ ಅಕ್ಕಿಯ ಮುಡಿಗಳ ಲೆಕ್ಕಕ್ಕೆ ಚೀಟು ಬರೆಯಿಸುತ್ತಿದ್ದ ಮನೆತನಗಳು, ಲಕ್ಷಗಟ್ಟಲೆ ರೂಪಾಯಿಯ ಬಣ್ಣಕ್ಕೆ ಬಾಯಿಮಾತು ಸಾಕೆನ್ನುವುದು ಯಾವ ಸಂಪ್ರದಾಯ? ಗೇಣಿಯನ್ನು ಪಡೆಯುವ ಕೈಯಾಗಿದ್ದಾಗ ಕಾಗದವನ್ನು ನಂಬಿದೆವು; ಕೂಲಿಯನ್ನು ಕೊಡುವ ಕೈಯಾದಾಗ ಮಾತನ್ನು ನಂಬುತ್ತೇವೆ. ಇದರ ಮರ್ಮವು ಬುದ್ಧಿವಂತರಿಗೆ ತಿಳಿಯದಿರದು.

ಎರಡನೆಯದು, ಕಾಗದವಿದ್ದರೂ ನ್ಯಾಯ ದೊರೆಯುವುದಿಲ್ಲ ಎಂಬುದು. 1872ರ ಕರಾರು ಶಾಸನದ ಮೇರೆಗೆ ಬಾಯಿಮಾತಿನ ಕರಾರೂ ಕರಾರೇ. ಅದನ್ನು ರುಜುಪಡಿಸುವುದು ಮಾತ್ರ ಕಷ್ಟ. 2020ರ ಜುಲೈ ತಿಂಗಳಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಶಾಸನದಂತೆ ಸೇವೆಯ ಲೋಪಕ್ಕಾಗಿ ಉಡುಪಿಯ ಜಿಲ್ಲಾ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ತೆತ್ತ ಹಣವು 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ನಿಂತು ಹೇಳಿಕೊಳ್ಳಬಹುದು. ಬಾಗಿಲು ತೆರೆದಿದೆ, ಒಳಗೆ ಒಯ್ಯತಕ್ಕ ಕಾಗದವೇ ನಮ್ಮ ಕೈಯಲ್ಲಿಲ್ಲ.

ಮೂರನೆಯದು, ದೊಡ್ಡ ಕಂಪೆನಿಗಳ ಬಣ್ಣದ ಸೇವೆಗೇ ಎಲ್ಲವನ್ನೂ ಒಪ್ಪಿಸಿಬಿಟ್ಟರೆ ಊರಿನವರ ಉಪದ್ರವವೇ ಇಲ್ಲವೆಂಬುದು. ಅಲ್ಲಿ ಕಾಗದವುಂಟು, ನಿಜ. ಆದರೆ ಆ ಕಾಗದವನ್ನು ಬರೆದವರು ಅವರು; ಷರತ್ತುಗಳು ಅವರವು; ಬಣ್ಣವೂ ಅವರದೇ. ಕೊನೆಗೆ ಏಣಿಯನ್ನು ಏರತಕ್ಕವನೂ ಯಾವುದೋ ಊರಿನ ಕೂಲಿಯಾಳೇ. ಗೋಡೆಯನ್ನು ಬೆರಳಿನಿಂದ ತಟ್ಟಿ ನಿಜವನ್ನು ಹೇಳುವ ಊರಿನ ಮೇಸ್ತ್ರಿಯನ್ನು ಬಿಟ್ಟು ಅತ್ತ ಓಡುವುದು ಜಾಣತನವಲ್ಲ.

ಇನ್ನು ಕಂತ್ರಾಟುದಾರರ ಪಕ್ಷವನ್ನೂ ಕೇಳಬೇಕು. ಒಂದು ಕೈ ಎಳೆದಾದ ಮೇಲೆ ಬಣ್ಣವನ್ನು ಬದಲಿಸೆನ್ನುವವರು, “ಹೇಗೂ ಡಬ್ಬಿ ತೆರೆದಿದೆ, ಗೇಟಿಗೂ ಒಂದು ಕೈ ಎಳೆದುಬಿಡಿ” ಎಂದು ಪುಕ್ಕಟೆ ಕೆಲಸ ಮಾಡಿಸುವವರು, ಮುಗಿದ ಮೇಲೆ ಇಲ್ಲದ ಕುಂದನ್ನು ಹುಡುಕಿ ಬಾಕಿಯನ್ನು ನುಂಗುವವರು ನಮ್ಮಲ್ಲಿ ಕಡಮೆಯೇ? ಅವರೂ ಕಾಗದವನ್ನೇ ಬಯಸತಕ್ಕದ್ದು. ಬಯಸದಿರುವುದು ಅಭ್ಯಾಸದೋಷ.

ವಿಷದ ಮಾತನ್ನೂ ಇಲ್ಲಿ ಬಿಡುವಂತಿಲ್ಲ. ಬಣ್ಣದಲ್ಲಿ ಬೆರಸುವ ಸೀಸವು ಕುಂಚ ಹಿಡಿದವನ ದೇಹವನ್ನು ಕೆಡಿಸುತ್ತದೆಂಬುದು ಹಳೆಯ ಅರಿವು. ಸೀಸದ ಬಿಳಿಬಣ್ಣವನ್ನು ಕಟ್ಟಡಗಳ ಒಳಭಾಗದಲ್ಲಿ ಬಳಸುವುದನ್ನು ನಿರ್ಬಂಧಿಸುವ ಒಪ್ಪಂದವನ್ನು ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು 1921ರಲ್ಲಿಯೇ ಅಂಗೀಕರಿಸಿತು. ನಮ್ಮ ದೇಶದಲ್ಲಿ 2016ರಲ್ಲಿ ನಿಯಮವಾಗಿ, 2017ರ ನವೆಂಬರ್ 1ರಿಂದ ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂದಾಯಿತು. ಆದರೆ ಅದಕ್ಕೆ ಮುಂಚೆ ಬಾಗಿಲು ಕಿಟಕಿಗಳಿಗೆ ಬಳಿದ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಅದನ್ನು ಒಣಗಿದಂತೆಯೇ ಮರಳುಕಾಗದದಿಂದ ಉಜ್ಜಿದರೆ ಏಳುವ ಧೂಳು ಕೆಲಸದವನಿಗೂ ಮನೆಯ ಮಕ್ಕಳಿಗೂ ಕೇಡು. ಒದ್ದೆಮಾಡಿ ಉಜ್ಜಬೇಕು, ಮೂಗುಬಾಯಿ ಮುಚ್ಚಬೇಕು, ಧೂಳನ್ನು ಗುಡಿಸದೆ ಒರಸಿ ತೆಗೆಯಬೇಕು. ಇದಕ್ಕೆ ತಗಲುವ ವೆಚ್ಚವೆಷ್ಟು? ನಮ್ಮ ಅಸಡ್ಡೆಯಷ್ಟು ಅದು ತುಟ್ಟಿಯಲ್ಲ.

ಹಾಗಾದರೆ ಆ ಕಾಗದದಲ್ಲಿ ಏನಿರಬೇಕು? ಒಂದು ಪುಟ ಸಾಕು. ಯಾವ ಗೋಡೆ, ಎಷ್ಟು ಚದರಡಿ, ಬಾಗಿಲು ಕಿಟಕಿಗಳನ್ನು ಕಳೆದೋ ಕಳೆಯದೆಯೋ. ತೊಳೆಯುವುದು, ಕೆರೆಯುವುದು, ಬಿರುಕು ಮುಚ್ಚುವುದು ಯಾರ ಹೊಣೆ. ಪುಟ್ಟಿ, ಪ್ರೈಮರು, ಬಣ್ಣ ತಲಾ ಎಷ್ಟು ಕೈ, ಯಾವ ಹೆಸರಿನದು. ಬಣ್ಣವನ್ನು ಕೊಳ್ಳುವವರು ಯಾರು. ಡಬ್ಬಿಗಳನ್ನು ಮನೆಯವರ ಮುಂದೆಯೇ ತೆರೆಯಬೇಕು. ಎಷ್ಟು ನೀರು ಬೆರಸಬೇಕು, ಒಂದು ಲೀಟರು ಎಷ್ಟು ಜಾಗಕ್ಕೆ ಸಾಕು ಎಂಬುದನ್ನು ತಯಾರಕರೇ ಅಚ್ಚುಹಾಕಿರುತ್ತಾರೆ. ಖಾಲಿ ಡಬ್ಬಿಗಳನ್ನು ಎಣಿಸಿದರೆ ನಿಜವು ತಾನೇ ಹೊರಬೀಳುತ್ತದೆ. ಮುಂಗಡವು ಸಾಮಾನಿನ ಖರ್ಚನ್ನು ಮೀರಬಾರದು. ಉಳಿದುದನ್ನು ಕೆಲಸದ ಹಂತಹಂತಕ್ಕೆ ಕೊಡತಕ್ಕದ್ದು. ಹತ್ತರಲ್ಲೊಂದು ಪಾಲನ್ನು ಒಂದು ಮಳೆಗಾಲ ಕಳೆಯುವ ತನಕ ಹಿಡಿದಿಡುವುದು ಒಳ್ಳೆಯದು. ಆದರೆ ಅದು ಕಂತ್ರಾಟುದಾರನ ಲಾಭದ ಪಾಲಾಗಬೇಕು, ಕೂಲಿಯ ಪಾಲಾಗಬಾರದು. ಆಳುಗಳ ಕೂಲಿಯು ವಾರ ವಾರಕ್ಕೆ ಅವರ ಕೈಸೇರಿತೆಂಬುದನ್ನು ಯಜಮಾನನು ಕೇಳಿ ತಿಳಿಯತಕ್ಕದ್ದು.

ಇವೆಲ್ಲಕ್ಕೂ ಮೇಲೆ, ಕಾಗದದ ಮೊದಲನೆಯ ಸಾಲಿನಲ್ಲಿ ಕೆಲಸಮಾಡುವವರೆಲ್ಲರ ಹೆಸರುಗಳಿರಬೇಕು. ಎತ್ತರದ ಕೆಲಸಕ್ಕೆ ಭದ್ರವಾದ ಅಟ್ಟಣೆ, ಸೊಂಟಕ್ಕೆ ಪಟ್ಟಿ, ಬಿದ್ದರೆ ಔಷಧೋಪಚಾರದ ವೆಚ್ಚ ಇಂಥವರದೆಂದು ನಿಷ್ಕರ್ಷೆಯಾಗಬೇಕು. 1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿ ಕೇಂದ್ರದ ಶಾಸನವಾಯಿತು. ಅದರ ಮೇರೆಗೆ ಕರ್ನಾಟಕದಲ್ಲಿ ಕಲ್ಯಾಣ ಮಂಡಳಿಯೂ ಹುಟ್ಟಿತು. ಬಣ್ಣ ಬಳಿಯುವವರೂ ಅದರಲ್ಲಿ ಹೆಸರು ನೋಂದಾಯಿಸಲು ಅರ್ಹರು. ನಿಮ್ಮ ಆಳುಗಳ ಹೆಸರು ಅಲ್ಲಿ ಉಂಟೇ ಎಂದು ಕಂತ್ರಾಟುದಾರನನ್ನು ಎಷ್ಟು ಜನ ಕೇಳಿದ್ದೇವೆ? ನಾನು ಕೇಳಿರಲಿಲ್ಲ.

ಈಗ ನಮ್ಮ ಸಂಘಕ್ಕೆ ಒಂದು ಬಿನ್ನಹ. ಇಂದು ಕಂತ್ರಾಟುದಾರರು ಕೊಡುವ ದರಪಟ್ಟಿಗಳು ಇಂಗ್ಲಿಷಿನಲ್ಲಿರುತ್ತವೆ. ಕೊಡುವವನಿಗೂ ಅರ್ಥವಾಗದು, ಕೊಳ್ಳುವವನಿಗೂ ಅರ್ಥವಾಗದು. ನಮ್ಮ ಸದಸ್ಯರಲ್ಲಿ ವಕೀಲರಿದ್ದಾರೆ, ಉಪಾಧ್ಯಾಯರಿದ್ದಾರೆ, ಮೇಸ್ತ್ರಿಗಳ ಮಕ್ಕಳೂ ಇದ್ದಾರೆ. ಎಲ್ಲರೂ ಕುಳಿತು ತಿಳಿಗನ್ನಡದಲ್ಲಿ ಒಂದು ಪುಟದ ಕರಾರುಪತ್ರದ ನಮೂನೆಯನ್ನು ಸಿದ್ಧಪಡಿಸಿ, ಅಚ್ಚುಹಾಕಿಸಿ, ಮೂರು ತಾಲೂಕುಗಳ ಬಣ್ಣದ ಅಂಗಡಿಗಳಲ್ಲಿ ಇರಿಸೋಣ. ಕನ್ನಡವು ಬದುಕಬೇಕೆಂದು ವೇದಿಕೆಯಲ್ಲಿ ಹೇಳುವ ನಾವು, ಕನ್ನಡದಿಂದ ಬದುಕು ನಡೆಯುವಂತೆ ಮಾಡುವ ಕೆಲಸವಿದು. ಹಣ ಹೆಚ್ಚು ಬೇಡ, ಮನಸ್ಸು ಬೇಕು.

ಬಣ್ಣದ ಮಾತಿಗೆ ಮರುಳಾಗಬೇಡವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತಿನ ಬಣ್ಣ ಬಯಲಾಗುವುದಕ್ಕೆ ಒಂದು ಮಳೆ ಸಾಕು. ಬರುವ ವರ್ಷ ನಮ್ಮ ಪಡುವಣ ಗೋಡೆಗೆ ಮತ್ತೆ ಬಣ್ಣ ಬಳಿಸಬೇಕಾಗಿದೆ. ಅಂದು ಕಳುಹಿಸಿಬಿಟ್ಟ ಆ ಮೊದಲನೆಯ ಮೇಸ್ತ್ರಿಯ ಮನೆಗೆ ನಾನೇ ಹೋಗಿ ಕರೆದು ಬಂದಿದ್ದೇನೆ. ಗೋಡೆ ಒಣಗುವ ತನಕ ಕಾಯುವುದಾಗಿ ಅವನಿಗೆ ಒಪ್ಪಿಕೊಂಡಿದ್ದೇನೆ. ಅದನ್ನು ಬರೆದೂ ಕೊಟ್ಟಿದ್ದೇನೆ. ಏಣಿಯನ್ನೇರುವವರ ಹೆಸರುಗಳನ್ನು ಈ ಸಲ ಮೊದಲೇ ಕೇಳಿ ಬರೆದುಕೊಂಡಿದ್ದೇನೆ.